ನವಾಬರು ಕೊಟ್ಟ ಬಿಚ್ಚದ ಪಾಕೀಟು

ಹೈದರಾಬಾದಿನ ಒಬ್ಬ ನವಾಬ್ ಸಾಹೇಬ್ರು ನನ್ನ ಕೈಯಿಂದ ಪಾನ್ ತಿಂದು, "ಮಿಯಾಂ, ಇಷ್ಟು ದಿನ ನಾ ತಿಂದದ್ದೆಲ್ಲ ಬರೇ ಎಲಿ" ಅಂದಿದ್ರು. ಇದನ್ನ ಸುಳ್ಳು ಅನ್ನವ್ರು ಯಾರರ ಇದ್ರ ಮುಂದ ಬರ್ರಿ. ನವಾಬ್ರು ಕಬರಸ್ತಾನ ಸೇರ್ಯಾರ. ಅವರ ಡ್ರೈವರ್ ಅಲ್ಲೇ ಬಾಜೂಕ ಮಲಗ್ಯಾನ. ಅವರ ಕಾರು ಗುಜರಿಗೆ ಹೋಗಿ, ಈಗ ಯಾರ ಮನ್ಯಾಗ ಹಂಚಾಗಿ ರೊಟ್ಟಿ ಸುಡಾಕತ್ತೈತೋ ದೇವರಿಗೆ ಗೊತ್ತು. ಉಳಿದವನು ನಾನೊಬ್ಬ. ಉಳಿದದ್ದು ಅವತ್ತು ಅವರು ಕೊಟ್ಟ ಒಂದು ಸಿಗರೇಟ್ ಪಾಕೀಟು. ಅದನ್ನ ಇವತ್ತಿಗೂ ಯಾರೂ ಬಿಚ್ಚಿಲ್ಲ.

ನಗೋ ಪ್ರಸಂಗ ಮತ್ತು ನೊಣ, ಎರಡೂ ಪಾನ್ ಅಂಗಡಿ ಹುಡುಕ್ಕೊಂಡು ಬರ್ತಾವು. ನಾ ಸಾಲಿ ಕಟ್ಟಿ ಹತ್ತಿದವನಲ್ಲ. ಬೀದರ ಕಡೆಯಿಂದ ಹೊಟ್ಟಿಪಾಡಿಗೆ ಬಂದು ಸಿಕಂದರಾಬಾದ್ ಸ್ಟೇಶನ್ ಎದುರು ಪಾನ್ ಡಬ್ಬಾ ಇಟ್ಟವ. ನಾಕು ಅಕ್ಷರ ಕಲ್ತದ್ದೂ ಸಿಗರೇಟ್ ಪಾಕೀಟಿನ ಮ್ಯಾಲಿಂದ. ಈಗ ಡಬ್ಬಾ ಇಲ್ಲ, ಮಗ ಸೊಸಿ ಜೋಡಿ ಮಿಯಾಪುರದ ಅಪಾರ್ಟ್‌ಮೆಂಟಿನ್ಯಾಗ ಅದೀವಿ, ನಾನು ನಮ್ಮಾಕಿ. ಆದ್ರೂ ನಸೀಬು ನನ್ನ ಬಿಟ್ಟಿಲ್ಲ. ಹಳೇ ಕಾಲದ ಬಿಚ್ಚದ ಸಿಗರೇಟ್ ಪಾಕೀಟು, ಹಳೇ ಚಿತ್ರದ ಕಾರ್ಡು ಕೂಡಿಸೋ ಹುಚ್ಚು ಮಂದಿ ಈ ಊರಾಗ ಅದಾರ. ಭಾನುವಾರ ಮುಂಜಾನಿ ಸಿಕಂದರಾಬಾದಿನ ಒಂದು ಇರಾನಿ ಹೋಟೆಲಿನ್ಯಾಗ ಕೂಡ್ತಾರ. ಯಾವುದು ಅಸಲಿ, ಯಾವುದು ನಕಲಿ ಅಂತ ಹೇಳಾಕ ಅವರಿಗೆ ನಾನ ಬೇಕು. ಪಾರಖಿ ಅಂತ ಕರೀತಾರ ನನ್ನ.

ಆ ಮಂದಿಗೆ ಹಿರೇರು ಒಬ್ರು ರಿಟೈರಾದ ಬ್ಯಾಂಕ್ ಮ್ಯಾನೇಜರ್ ಸಾಹೇಬ್ರು, ಕಲಬುರ್ಗಿಯವರು. ಮಾತು ಕಡಿಮಿ, ನೆನಪು ಭಾಳ. ಅವರು ಈ ಸಲ ಬೇಗಂಪೇಟೆದಾಗ ಒಂದು ಹಾಲ್ ಹಿಡಿದು ಪ್ರದರ್ಶನ ಇಡೋಣ ಅಂದ್ರು. ನಟ್ಟನಡುವ ಗಾಜಿನ ಪೆಟ್ಟಿಗಿ, ಅದರಾಗ ನವಾಬ್ರ ಪಾಕೀಟು, ಬಾಜೂಕ ಒಂದು ಕುರ್ಚಿ, ಕುರ್ಚಿ ಮ್ಯಾಲ ನಾನು. ಪಾಕೀಟಿನ ಮುಂದ ನನ್ನ ಹೆಸರು ಅಚ್ಚು ಹಾಕಿದ ಒಂದು ಚೀಟಿ. ಈ ಜನ್ಮದಾಗ ನನ್ನ ಹೆಸರು ಲಗ್ನಪತ್ರಿಕಿ ಬಿಟ್ಟು ಮತ್ತೆಲ್ಲೂ ಅಚ್ಚಾಗಿಲ್ಲ ನೋಡ್ರಿ.

"ಪಾಕೀಟು ಅಸಲಿ ಅನ್ನೋದು ಖಾತ್ರಿ ಐತಿಲ್ರಿ, ಕಾಕಾ?" ಅಂತ ಕೇಳಿದ್ರು.

"ಸಾಹೇಬ್ರ, ಅದು ನಕಲಿ ಆದ್ರ ಕುರ್ಚಿ ಬ್ಯಾಡ, ಹೆಸರೂ ಬ್ಯಾಡ" ಅಂದುಬಿಟ್ಟೆ.

ಕಳ್ಳನ ತಕರಾರು

ಮೊದಲು ಆ ಪಾಕೀಟು ನನ್ನ ಕೈಗೆ ಬಂದದ್ದು ಹೇಳ್ತೀನಿ. ನವಾಬ್ರು ಪಾನ್ ತಿಂದು ಕಿಸೆದಾಗ ಕೈ ಹಾಕಿದ್ರು. ಚಿಲ್ಲರ ಇಲ್ಲ. ನವಾಬ್ರ ಕಿಸೆದಾಗ ಚಿಲ್ಲರ ಇರಂಗಿಲ್ಲ, ಚಿಲ್ಲರ ಇದ್ರ ಅವರು ನವಾಬ್ರು ಅಲ್ಲ. ಕೈಗೆ ಸಿಕ್ಕಿದ್ದು ಹಂಸದ ಚಿತ್ರ ಇದ್ದ ಒಂದು ಹೊಸ ಪಾಕೀಟು. "ಇದನ್ನ ಇಟ್ಕೋ. ಖಾಸ್ ವಕ್ತ್ ಬಂದಾಗ ಬಿಚ್ಚು" ಅಂದ್ರು. ಬಾಯಾಗಿನ ಪಾನಿನ ಕೆಂಪು ಕನ್ನಡಿಯಾಗ ನೋಡ್ಕೊಂಡು, ಮುಂದಿನ ವಾರ ಕಾರಿಗೆ ಅದ ಬಣ್ಣ ಹೊಡಿಸಿದ್ರು. ಅದನ್ನೂ ಸುಳ್ಳು ಅನ್ನವ್ರು ಈಗ ಯಾರೂ ಇಲ್ಲ.

ಅವತ್ತಿಂದ ಖಾಸ್ ವಕ್ತ್ ಕಾಯಾಕತ್ತೆ. ಲಗ್ನ ಆತು, ಬಿಚ್ಚಲಿಲ್ಲ. ಮಗ ಹುಟ್ಟಿದ, ಇದಕ್ಕಿಂತ ಖಾಸ್ ಮುಂದ ಬರಬಹುದು ಅನಿಸ್ತು. ನಮ್ಮಾಕಿ ಇವತ್ತಿಗೂ ಹಂಗಿಸ್ತಾಳ: "ಇವ್ರ ಖಾಸ್ ವಕ್ತಿನ್ಯಾಗ ನಾನೂ ಇಲ್ಲ, ನನ್ನ ಮಗನೂ ಇಲ್ಲ."

ಪಾಕೀಟನ್ನ ಎಲ್ಲಿ ಇಡೋದು? ಸ್ಟೇಶನ್ ಎದುರು ಅಂದ್ರ ಕಳ್ಳರ ಜಾತ್ರಿ. ಆ ಕಾಲಕ್ಕ ಸಿಗರೇಟ್ ಕಂಪನಿಯವ್ರು ಪಾನ್ ಅಂಗಡಿಗಳಿಗೆ ತೋರಿಕಿಗೆ ಅಂತ ಡಮ್ಮಿ ಪಾಕೀಟು ಕೊಡ್ತಿದ್ರು. ಹೊರಗ ಕಾಗದ, ಚಿತ್ರ, ಮ್ಯಾಲಿನ ಜಿಲೇಟಿನ್ ಹಾಳಿ ಎಲ್ಲಾ ಅಸಲಿ. ಒಳಗ ಮಾತ್ರ ಕಟ್ಟಿಗಿ ತುಂಡು. ಬಿಸಲಿಗೆ ಮಾಲು ಕೆಡಬಾರದು, ಗಿರಾಕಿ ಕಣ್ಣಿಗೂ ಬೀಳಬೇಕು, ಅದಕ್ಕ. ಹಂಸದ ಪಾಕೀಟು ಭಾಳ ತುಟ್ಟಿ, ನನ್ನ ಡಬ್ಬಾಕ್ಕ ಬಂದು ಅದನ್ನ ಕೇಳವ್ರು ಇರಲಿಲ್ಲ. ಹಿಂಗಾಗಿ ಅದರ ಡಮ್ಮಿ ಒಂದು ಸಾಲು ಡಬ್ಬಾದ ಮ್ಯಾಲಿನ ಹಲಗಿಗೆ ಹೊಂದಿಸಿಟ್ಟಿದ್ದೆ. ನಾ ಏನ ಮಾಡ್ದೆ? ನವಾಬ್ರ ಪಾಕೀಟನ್ನ ಆ ಸಾಲಿನ್ಯಾಗ ಸೇರಿಸಿ ಇಟ್ಟೆ. ಕಟ್ಟಿಗಿ ನಡುವ ಗಂಧದ ಕಟ್ಟಿಗಿ, ಯಾರಿಗೆ ಗುರ್ತ ಸಿಗ್ತೈತಿ?

ಒಂದಿನ ನಾ ಸುಣ್ಣ ಕಲಸಾಕ ಬಗ್ಗಿದ್ದೆ, ಎದ್ದು ನೋಡಿದ್ರ ಆ ಸಾಲು ಪೂರಾ ಮಾಯ! ಎದಿ ಒಡೀತು. ಮರುದಿನ ಮುಂಜಾನಿ ಒಬ್ಬವ ಬಂದ. ಬಾಯಾಗ ಸಿಗರೇಟು, ಅದರ ಘಮ ಸ್ಟೇಶನ್ ತುಂಬ. ಕೈಯಾಗ ಒಂದು ಚೀಲ. ಚೀಲ ನನ್ನ ಮುಂದ ಸುರುವಿ ಬೈಯಾಕ ಶುರು ಮಾಡ್ದ.

"ನಾಚಿಕಿ ಆಗಂಗಿಲ್ಲೇನು ನಿನಗ? ದೋಸ್ತರನ್ನ ಕರದು ಕುಂದರಿಸಿ ಒಬ್ಬೊಬ್ಬರ ಕೈಯಾಗ ಒಂದೊಂದು ಪಾಕೀಟು ಕೊಟ್ಟೆ. ಬಿಚ್ಚಿದ್ರ ಕಟ್ಟಿಗಿ! ಮಂದಿಯೊಳಗ ನನ್ನ ಇಜ್ಜತ್ ತೆಗದಿ. ಕದಿಯಾಕ ಬಂದವ್ರಿಗೆ ಹಿಂಗ ಮೋಸ ಮಾಡಿದ್ರ ನಿನ್ನ ಅಂಗಡಿಗೆ ಯಾರು ಬರ್ತಾರ?"

ನಾ ಅವನ ಕಡೆ ನೋಡ್ಲೇ ಇಲ್ಲ. ಬಿಚ್ಚಲಾರದ ಪಾಕೀಟು ಇನ್ನೂ ಒಂದಿಷ್ಟು ಉಳಿದಿದ್ವು. ಕಣ್ಣು ಮುಚ್ಚಿ ಒಂದೊಂದನ್ನ ಕೈಗೆ ತಗೊಂಡೆ. ಒಂದು ಬಂತು ನೋಡ್ರಿ, ಮೈ ಝುಮ್ ಅಂತು. ಇದ ನವಾಬ್ರದು! ಅಷ್ಟು ಪಾಕೀಟಿನ್ಯಾಗ ಮುಟ್ಟಿ ಗುರ್ತ ಹಿಡಿದೆ. ಪಾರಖಿ ಅನ್ನೋ ಹೆಸರು ಬಂದದ್ದ ಅಲ್ಲಿಂದ.

ಕಳ್ಳ ಹೋಗೋವಾಗ ಒಂದು ಪಾನ್ ಪುಕಟ ತಿಂದು ಹೋದ. "ನಿನ್ನಿ ಆದ ನುಕಸಾನಿಗೆ" ಅಂದ.

ಇರುವಿ ಕೊಟ್ಟ ಸರ್ಟಿಫಿಕೇಟು

ನನ್ನ ಪರೀಕ್ಷಾ ಸರಳ ಐತಿ. ಪಾಕೀಟನ್ನ ಕಿವಿ ಹಂತ್ಯಾಕ ಹಿಡಿದು ಮೆಲ್ಲಕ ಅಲ್ಲಾಡಿಸ್ಬೇಕು. ಹಳೇ ತಂಬಾಕು ಒಣಗಿ ಕುಗ್ಗಿರ್ತೈತಿ, ಒಳಗ ಸಿಗರೇಟು ಒಣ ಶೇಂಗಾದಂಗ ಸಪ್ಪಳ ಮಾಡ್ತಾವು. ಸಪ್ಪಳ ಇಲ್ಲಂದ್ರ ನಿನ್ನಿ ಮೊನ್ನಿ ತುಂಬಿದ ಮಾಲು.

ಒಂದು ಭಾನುವಾರ ಮ್ಯಾನೇಜರ್ ಸಾಹೇಬ್ರು ಸಣ್ಣ ದನಿಯಾಗ ಅಂದ್ರು, "ಕಾಕಾ, ನಿಮ್ಮ ನವಾಬ್ರ ಪಾಕೀಟು ಸಪ್ಪಳ ಮಾಡಂಗಿಲ್ಲಲ್ರಿ?"

"ಸಾಹೇಬ್ರ, ಅದು ಖಾನದಾನಿ ಮಾಲು. ಅದಕ್ಕ ತಹಜೀಬ್ ಐತಿ. ಮಂದ್ಯಾಗ ಗದ್ದಲ ಮಾಡಂಗಿಲ್ಲ" ಅಂದೆ.

ಅಷ್ಟೊತ್ತಿಗೆ ಒಬ್ಬ ವ್ಯಾಪಾರಿ ಬಂದ. ಕಲ್ಕತ್ತಾದಾಗಿನ ಬ್ರಿಟಿಷರ ಬಂಗಲೇದಾಗ ಸಿಕ್ಕದ್ದು ಅಂತ ಹೇಳಿ, ಟೇಬಲ್ ಮ್ಯಾಲ ಒಂದು ಪಾಕೀಟು ಇಟ್ಟ. ಕಾಗದ ಹಳದಿ ಹೊಡದು, ಅಂಚು ಕಂದಾಗಿ, ನೋಡಿದ್ರ ಕೈ ಮುಗೀಬೇಕು ಅನ್ನಂಗಿತ್ತು. ಮಂದಿಯೆಲ್ಲ ಬಾಯಿ ತೆಗೆದ್ರು. ನಾ ಕಿವಿಗೆ ಹಿಡದೆ, ಸಪ್ಪಳ ಐತಿ. ಮೂಗಿಗೆ ಹಿಡದೆ, ವಾಸನಿ ಐತಿ. "ಅಸಲಿ" ಅಂತ ಹೇಳಾಕ ಬಾಯಿ ತೆಗದಿದ್ದೆ, ಕೈ ಮ್ಯಾಲ ಏನೋ ಹರದಾಡಿದಂಗಾತು.

ಇರುವಿ! ಗ್ವಾಡಿಯಿಂದ ಟೇಬಲ್ಲಿಗೆ, ಟೇಬಲ್ಲಿಂದ ಪಾಕೀಟಿಗೆ ಸಾಲು ಹಚ್ಚಿ ಹೊಂಟಿದ್ವು. ನಾ ಪಾಕೀಟಿನ ಅಂಚಿಗೆ ನಾಲಿಗಿ ಹಚ್ಚಿ ನೋಡ್ದೆ. ಕಾಗದಕ್ಕ ಹಳೇ ಬಣ್ಣ ಬರ್ಲಿ ಅಂತ ಚಾಯಿನ್ಯಾಗ ಅದ್ದಿದ್ದ, ಸರಿ. ಎಲ್ಲಾ ನಕಲಿ ಮಂದಿ ಅದನ್ನ ಮಾಡ್ತಾರ. ಆದ್ರ ಕರೀ ಚಾಯ್ ಬಿಟ್ಟು ಇರಾನಿ ಚಾಯಿನ್ಯಾಗ ಅದ್ದಿದ್ದ! ಕೆನಿಹಾಲು, ಸಕ್ರಿ, ಎಲ್ಲಾ ಹತ್ತಿತ್ತು.

ವ್ಯಾಪಾರಿ ಮುಖ ಸಣ್ಣ ಮಾಡ್ಕೊಂಡ. ನಾ ಬೆನ್ನು ಚಪ್ಪರಿಸಿ ಅಂದೆ, "ಬೇಟಾ, ಬಂಗಲೇ ಕಲ್ಕತ್ತಾದ್ದೋ ಏನೋ ಗೊತ್ತಿಲ್ಲ. ಚಾಯ್ ಮಾತ್ರ ಈ ಹೋಟೆಲಿಂದ. ಇದಕ್ಕ ನಾ ಖಾತ್ರಿ ಕೊಡ್ತೀನಿ."

ಗಾರ್ಡ್ ಸಾಹೇಬರ ಕಡೀ ಕಾರ್ಡು

ನಮ್ಮ ಭಾನುವಾರದ ಮಂದ್ಯಾಗ ಒಬ್ರು ರೈಲ್ವೆ ಗಾರ್ಡ್ ಅದಾರ, ರಿಟೈರಾಗಿ ಭಾಳ ವರ್ಷ ಆತು. ಅವರದು ಸಿಗರೇಟಲ್ಲ, ಕಾರ್ಡು. ಚೂಯಿಂಗ್ ಗಮ್ ಜೋಡಿ ಕ್ರಿಕೆಟ್ ಆಟಗಾರರ ಕಾರ್ಡು ಬರ್ತಿದ್ವಲ್ರಿ, ಅವು. ನನ್ನ ಡಬ್ಬಾದ ಮುಂದ ಓಣಿ ಹುಡುಗೂರು ಆ ಕಾರ್ಡಿಗೆ ಜಗಳಾಡಿ ಅಂಗಿ ಹರಕೊಂಡದ್ದು ಇನ್ನೂ ಕಣ್ಣ ಮುಂದ ಐತಿ. ಗಮ್ ಉಗುಳಿ ಕಾರ್ಡು ಎದಿಗೆ ಒತ್ಕೊಂಡು ಓಡ್ತಿದ್ರು. ಆ ರುಚಿ ಈಗಿನ ಹುಡುಗೂರಿಗೆ ಮೊಬೈಲ್ ನೆಕ್ಕಿದ್ರೂ ಸಿಗಂಗಿಲ್ಲ.

ಗಾರ್ಡ್ ಸಾಹೇಬ್ರ ಹಂತ್ಯಾಕ ಸೆಟ್ ಎಲ್ಲಾ ಐತಿ, ಒಂದು ಕಾರ್ಡು ಬಿಟ್ಟು. ಒಬ್ಬ ವಿಕೆಟ್ ಕೀಪರಂದು. ಅದನ್ನ ಹುಡುಕ್ಕೊಂತ ಗುರುವಾರದ ಗುಜರಿ ಬಜಾರು, ಭಾನುವಾರದ ಹಳೇ ಪುಸ್ತಕದ ಸಾಲು, ಎಲ್ಲಾ ಅಡ್ಡಾಡಿದ್ರು. "ಆ ಒಂದು ಕಾರ್ಡು ಸಿಕ್ಕರ ನಾ ಕಣ್ಣು ಮುಚ್ಚಾಕ ತಯಾರ್" ಅಂತಿದ್ರು.

ಒಂದಿನ ನಾ ನನ್ನ ಹಳೇ ಟ್ರಂಕ್ ಝಾಡಿಸಿದ್ರ, ತಳದಾಗ ವಿಕೆಟ್ ಕೀಪರ್! ಕುಣ್ಕೊಂತ ಒಯ್ದು ಅವರ ಕೈಯಾಗ ಇಟ್ಟೆ. ಗಾರ್ಡ್ ಸಾಹೇಬ್ರು ನೋಡಿದ್ರು. ಕಣ್ಣಾಗ ನೀರು ಬಂತು. ಅತ್ಲಾಗ ಇತ್ಲಾಗ ನೋಡಿ ಕಾರ್ಡನ್ನ ತಿರುಗಿ ನನ್ನ ಕಿಸೆದಾಗ ತುರುಕಿದ್ರು.

"ಯಾರಿಗೂ ಹೇಳಬ್ಯಾಡ್ರಿ, ಕಾಕಾ" ಅಂದ್ರು.

"ಯಾಕ್ರಿ? ಇಷ್ಟು ವರ್ಷ ಹುಡುಕಿದ್ರಲ್ಲ!"

"ಸೆಟ್ ಪೂರಾ ಆತಂದ್ರ ಭಾನುವಾರ ಮನಿ ಬಿಟ್ಟು ಹೆಂಗ ಬರ್ಲಿ? ನಮ್ಮಾಕಿ ಫ್ಯಾನ್ ಒರೆಸಾಕ ಸ್ಟೂಲ್ ತಯಾರ್ ಇಟ್ಕೊಂಡು ಕುಂತಾಳ!"

ಕಾರ್ಡು ಇವತ್ತಿಗೂ ನನ್ನ ಹಂತ್ಯಾಕ ಐತಿ. ಅವರು ಇವತ್ತಿಗೂ ಹುಡುಕಾಕತ್ತಾರ. ಹೋದ ವಾರ ನನ್ನ ಮುಂದ ಕುಂತು, "ಆ ಕೀಪರ್ ಒಬ್ಬ ಸಿಗವಲ್ಲ ನೋಡ್ರಿ" ಅಂತ ಎಷ್ಟು ಛಲೋ ನಿಟ್ಟುಸಿರು ಬಿಟ್ರಂದ್ರ, ನಾನೂ ಒಂದು ಬಿಟ್ಟೆ.

ಹಿಟ್ಟಿನ ಡಬ್ಬಿ

ಮಿಯಾಪುರಕ್ಕ ಬಂದ ಮ್ಯಾಲ ಸೊಸಿ ಒಂದು ಕಾಯ್ದೆ ಮಾಡಿದ್ಲು. "ಮಾವಾರ, ಮನ್ಯಾಗ ತಂಬಾಕಿನ ವಾಸನಿ ಬ್ಯಾಡ್ರಿ." ನಾ ಸೇದಂಗಿಲ್ಲ ತಾಯಿ, ಬರೇ ಕೂಡಿಸ್ತೀನಿ ಅಂದ್ರೂ ಕೇಳಲಿಲ್ಲ. ಅದಕ್ಕ ನಾ ಯಾರಿಗೂ ಹೇಳದೆ ಪಾಕೀಟೆಲ್ಲ ಅರಿವಿಯಾಗ ಕಟ್ಟಿ, ಜ್ವಾಳದ ಹಿಟ್ಟಿನ ದೊಡ್ಡ ಡಬ್ಬಿಯೊಳಗ ತಳಕ್ಕ ಇಟ್ಟೆ. ಹಿಟ್ಟು ಹಸಿ ಹೀರ್ತೈತಿ, ಹುಳ ಬರಂಗಿಲ್ಲ. ಪಾರಖಿ ಬುದ್ಧಿ ನೋಡ್ರಿ.

ಅಷ್ಟರಾಗ ಮೊಮ್ಮಗಳನ್ನ ನೋಡಾಕ ಮಂದಿ ಬಂದ್ರು. ಹುಡುಗನ ಅಜ್ಜ ಭಾಳ ಬಿಗಿ ಮನಶಾ. ಬಂದಾಗಿಂದ ಒಂದ ಮಾತಿಲ್ಲ, ನಗಿ ಇಲ್ಲ. ಈ ಸಂಬಂಧ ಕೂಡಂಗಿಲ್ಲ ಅಂತ ಸೊಸಿ ಮುಖ ಬಾಡಿತ್ತು. ಊಟಕ್ಕ ಕುಂತ್ರು. ಬಿಸಿ ರೊಟ್ಟಿ, ಎಣ್ಣಿಗಾಯಿ. ಮೊದಲ ತುತ್ತಿಗೆ ಅಜ್ಜನ ಹುಬ್ಬು ಮ್ಯಾಲೆದ್ದವು. ನನ್ನ ಜೀವ ಹೋತು. ಹಿಟ್ಟಿಗೆ ವಾಸನಿ ಹತ್ತೈತಿ!

ಅಜ್ಜ ಒಂದು ರೊಟ್ಟಿ ಮುಗಿಸಿದ್ರು. ಇನ್ನೊಂದು ಹಾಕಿಸ್ಕೊಂಡ್ರು. ಮತ್ತೊಂದು. ಕಣ್ಣು ಮುಚ್ಚಿ, ತೂಗಿ ತೂಗಿ ತಿನ್ನಾಕತ್ರು. ಅವರ ಹೆಂಡ್ತಿ, "ಇವ್ರಿಗೆ ಏನಾಗೇತಿ? ಮನ್ಯಾಗ ಅರ್ಧ ರೊಟ್ಟಿ ತಿನ್ನಂಗಿಲ್ಲ" ಅಂದ್ರು.

ಕೈ ತೊಳಿಯೋವಾಗ ಅಜ್ಜ ನನ್ನ ಮೂಲಿಗೆ ಎಳಕೊಂಡ್ರು. "ಬೀಗರ, ಮನ್ಯಾಗ ಬೀಡಿ ಬಿಡಿಸ್ಯಾರ ನನಗ. ಸಂಬಂಧ ಪಕ್ಕಾ. ಆದ್ರ ಹುಡುಗಿ ಜೋಡಿ ಈ ಹಿಟ್ಟೂ ಕಳಸ್ಬೇಕು."

ಮಿಯಾಪುರ ಸ್ಟೇಶನ್

ಪ್ರದರ್ಶನದ ದಿನ ಬಂತು. ಮುಂಜಾನಿ ಮ್ಯಾನೇಜರ್ ಸಾಹೇಬ್ರು ನನ್ನ ಕರಕೊಂಡು ಹೋಗಾಕ ಮನಿತನಕ ಬಂದ್ರು. ನಮ್ಮಾಕಿ ತನ್ನ ಲಗ್ನದ ಇಳಕಲ್ ಸೀರಿ ತುಂಡಿನ್ಯಾಗ ನವಾಬ್ರ ಪಾಕೀಟು ಸುತ್ತಿ, ಪ್ಲಾಸ್ಟಿಕ್ ಟಿಫಿನ್ ಡಬ್ಬಿಯಾಗ ಇಟ್ಟು ಕೊಟ್ಲು. "ನನ್ನಕಿಂತ ಭಾಳ ಜೋಪಾನ ಮಾಡೀರಿ ಇದನ್ನ. ಹೋಗಿ ಬರ್ರಿ, ಹೆಸರು ತಗೊಂಡ್ ಬರ್ರಿ" ಅಂದ್ಲು. ಹಂಗಿಸಿದ್ಲೋ ಹರಸಿದ್ಲೋ ಗೊತ್ತಾಗಲಿಲ್ಲ.

ದಾರ್ಯಾಗ ಸಾಹೇಬ್ರು ಚೀಟಿ ತೋರಿಸಿದ್ರು. ದಪ್ಪ ಕಾಗದ, ಚೆಂದಾದ ಅಕ್ಷರ. ನವಾಬ್ ಸಾಹೇಬರು ಸ್ವತಃ ಕೊಟ್ಟ ಬಿಚ್ಚದ ಪಾಕೀಟು, ಅದರ ಕೆಳಗ ಪಾರಖಿ ಅಂತ ನನ್ನ ಹೆಸರು. ಹೆಸರಿನ ಮ್ಯಾಲ ಬೆರಳಾಡಿಸಿದೆ. ಅಚ್ಚು ಕೈಗೆ ಹತ್ತಲಿಲ್ಲ. ಗಟ್ಟಿ ಐತಿ.

ಮೆಟ್ರೋ ಸ್ಟೇಶನ್ನಿನ್ಯಾಗ ಚೀಲ ಮಷೀನಿನೊಳಗ ಬಿಡಬೇಕಲ್ರಿ. ಬಿಟ್ಟೆ. ಮಷೀನ್ ನಿಂತು ಬಿಡ್ತು. ಪರದೆ ಮುಂದ ಕುಂತಿದ್ದ ಸೆಕ್ಯೂರಿಟಿ ಹುಡುಗಿ ತೆಲುಗಿನ್ಯಾಗ ಕೇಳಿದ್ಲು, "ತಾತಾ, ಈ ಡಬ್ಬಿಯಾಗ ಏನೈತಿ?"

"ಸಿಗರೇಟ್ ಪಾಕೀಟು, ಮಗಳ. ನವಾಬ್ರದು."

"ಸಿಗರೇಟ್ ದಿನಾ ನೋಡ್ತೀನಿ ತಾತಾ. ಕಡ್ಡಿ ಕಡ್ಡಿ ಕಾಣ್ತಾವು. ಇದು ಒಂದ ಗಟ್ಟಿ ತುಂಡು ಐತಿ. ಒಳಗ ಏನ ಅಡಗಿಸಿಟ್ಟೀರಿ? ಬಿಚ್ಚಿ ತೋರಸ್ರಿ."

"ಬಿಚ್ಚೋದಾ! ನನ್ನ ಮಗ ಹುಟ್ಟಿದಾಗ ಬಿಚ್ಚಿಲ್ಲ, ನಿನ್ನ ಮಷೀನಿಗೆ ಬಿಚ್ಚಲೇನು?" ಡಬ್ಬಿನ ಎದಿಗೆ ಅವುಚ್ಕೊಂಡು ನಿಂತೆ.

"ಹಂಗಾದ್ರ ಆಟೋಕ್ಕ ಹೋಗ್ರಿ."

ಹಿಂದ ಸಾಲಿನ್ಯಾಗ ನಿಂತವ್ರು, "ಚಾಚಾ, ಟ್ರೇನ್ ಹೋಗ್ತದ" ಅಂತ ಗದ್ದಲ ಎಬ್ಬಿಸಿದ್ರು. ಆಕಿ ಮ್ಯಾಲಿನ ಸಾಹೇಬ ಬಂದ. ಡಬ್ಬಿ ಇನ್ನೊಂದು ಸಲ ಮಷೀನಿಗೆ ಹಾಕಿ, ಪರದೆಗೆ ಮುಖ ಹಚ್ಚಿ ನೋಡಿ ನಕ್ಕ. "ಅರೇ, ಲಕಡೀ ಹೈ. ಲಕಡೀ ಕಾ ಟುಕಡಾ. ಜಾನೇ ದೋ."

ಇಷ್ಟು ವರ್ಷ ಯಾರೂ ಬಿಚ್ಚಲಾರದ ಪಾಕೀಟನ್ನ ಆ ಮಷೀನು ಬೆರಳು ಮುಟ್ಟಿಸದೆ ಬಿಚ್ಚಿಟ್ಟಿತ್ತು. ಮ್ಯಾನೇಜರ್ ಸಾಹೇಬ್ರು ಪರದೆ ನೋಡಿದ್ರು. ನಾಕೂ ಮೂಲಿ ನೆಟ್ಟಗ, ಬಡಿಗ್ಯಾ ಕೊರದು ಕೊಟ್ಟಂಗ. ಆಮ್ಯಾಲ ನನ್ನ ನೋಡಿದ್ರು.

"ಕಾಕಾ, ಕಟ್ಟಿಗಿ."

"ಹೌದ್ರಿ ಸಾಹೇಬ್ರ" ಅಂದೆ, ತಡಾ ಮಾಡಲಿಲ್ಲ. "ನವಾಬ್ರಿಗೆ ಡಾಕ್ಟರು ಸಿಗರೇಟ್ ಬಿಡ್ರಿ ಅಂದಿದ್ರು. ಕಿಸೆ ಖಾಲಿ ಇದ್ರ ಠೀವಿ ಕಡಿಮಿ ಆಗ್ತೈತಂತ ಕಟ್ಟಿಗೀದು ಇಟ್ಕೊಂಡು ಅಡ್ಡಾಡ್ತಿದ್ರು."

ಸಾಹೇಬ್ರು ನಗಲಿಲ್ಲ. ಮ್ಯಾಲ ಹೋಗೋ ಮೆಟ್ಲದ ಹಂತ್ಯಾಕ ನಿಂತು, ಚಷ್ಮಾ ತೆಗೆದು ಒರೆಸಿದ್ರು.

"ಒಂದು ಕೇಳ್ತೀನ್ರಿ, ಕಾಕಾ. ಆ ಕಳ್ಳ ಜಗಳಕ್ಕ ಬಂದಾಗ ಅವನ ಬಾಯಾಗ ಸಿಗರೇಟ್ ಇತ್ತು ಅಂತೀರಿ. ಸ್ಟೇಶನ್ ತುಂಬ ಘಮ ಅಂತೀರಿ. ಪ್ರತೀ ಸಲ ಹಂಗ ಹೇಳ್ತೀರಿ."

"ಇತ್ತುರಿ."

"ಬಿಚ್ಚಿದ್ದೆಲ್ಲ ಕಟ್ಟಿಗಿ ಅಂತ ಅವ ಬೈದ. ನೀವು ಮುಟ್ಟಿ ಗುರ್ತ ಹಿಡಿದದ್ದೂ ಈಗ ಕಟ್ಟಿಗಿ. ಹಂಗಾದ್ರ ಅವ ಸೇದಾಕತ್ತಿದ್ದು ಯಾರದು?"

ಮ್ಯಾಲ ಟ್ರೇನ್ ಬಂದು ನಿಂತ ಸಪ್ಪಳಾತು. ನಾ ಡಬ್ಬಿ ತೆಗೆದು ನೋಡ್ದೆ. ಇಳಕಲ್ ತುಂಡಿನ ಮ್ಯಾಲ ಹಂಸ ತನ್ನ ಪಾಡಿಗೆ ತಾ ಈಜಾಕತ್ತಿತ್ತು. ಸಾಹೇಬ್ರು ಕಿಸೆದಿಂದ ಚೀಟಿ ತೆಗೆದ್ರು, ಪೆನ್ನೂ ತೆಗೆದ್ರು.

"ಈಗ ಇದರ ಮ್ಯಾಲ ಏನಂತ ಬರೀಲಿ?"

ನಾ ಭುಜ ಕುಣಿಸಿದೆ.

"ಕಳ್ಳನೂ ನವಾಬ್ರ ಸಿಗರೇಟ್ ಸೇದಿ ಹೋಗ್ತಿದ್ದ ಅಂಗಡಿ ಅಂತ ಬರೀರಿ. ಅಂಥಾದ್ದು ಇನ್ನೊಂದು ಈ ಊರಾಗ ಇದ್ರ ತೋರಿಸ್ರಿ. ಕೆಳಗ ನನ್ನ ಹೆಸರು ಹಂಗ ಇರ್ಲಿ."